ಆಪ್ತವಾಕ್ಯವೂ ವೃತ್ತಾಂತಪತ್ರಿಕೆಗಳೂ

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ತರುವಾಯ ಶಬ್ದವನ್ನು ನಾಲ್ಕನೆಯ ಪ್ರಮಾಣವಾಗಿ ಅಂಗೀಕರಿಸಿರುವರು. ಆದರೆ ಕಿವಿಗೆ ಬಿದ್ದ ಮಾತೆಲ್ಲವೂ ಪ್ರಮಾಣವಾಗಲಾರದು. ಆಪ್ತನ ಮಾತಿಗೆ ಮಾತ್ರ ಆ ಪದವಿ ಸಲ್ಲುವುದು. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನು ನಿರೂಪಿಸಿ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಸೇರಿಸಿರುವನು. ಹೇಳುವವನ ಕುಲವನ್ನಾಗಲಿ ಪಕ್ಷವನ್ನಾಗಲಿ ಅವನು ಕೇಳಲಿಲ್ಲ. ಇಂದು ಅಂತರ್ಜಾಲದ ಸುದ್ದಿತಾಣಗಳನ್ನು ಓದುವವರಾದರೋ ಮೊದಲು ಕೇಳುವ ಪ್ರಶ್ನೆಯೇ ‘ಇದು ಯಾರ ಕಡೆಯದು?’ ಎಂಬುದು. ಪಕ್ಷಪಾತವೂ ಅಸತ್ಯವೂ ಒಂದೇ ದೋಷವೆಂದು ಭಾವಿಸುವುದರಿಂದ ಎಷ್ಟು ಪ್ರಮಾದವುಂಟಾಗುವುದೆಂಬುದು ಈ ದೇಶದ ಮೊಟ್ಟಮೊದಲನೆಯ ಪತ್ರಿಕೆಯ ಚರಿತ್ರೆಯಿಂದಲೇ ತಿಳಿದುಬರುತ್ತದೆ.

ಜೇಮ್ಸ್ ಅಗಸ್ಟಸ್ ಹಿಕಿ ಎಂಬವನು ೧೭೮೦ನೆಯ ಇಸವಿ ಜನವರಿ ೨೯ರಂದು ಕಲ್ಕತ್ತೆಯಲ್ಲಿ ‘ಬೆಂಗಾಲ್ ಗೆಜೆಟ್’ ಎಂಬ ವಾರಪತ್ರಿಕೆಯನ್ನು ಪ್ರಾರಂಭಿಸಿದನು. ಎಲ್ಲ ಪಕ್ಷಗಳಿಗೂ ತೆರೆದುದು, ಯಾವ ಪಕ್ಷಕ್ಕೂ ವಶವಾಗದುದು ಎಂದು ಆ ಪತ್ರಿಕೆಯು ತನ್ನನ್ನು ತಾನೇ ಘೋಷಿಸಿಕೊಂಡಿತು. (ಘೋಷಣೆಯಷ್ಟು ಅಗ್ಗವಾದ ಪದಾರ್ಥವು ಅಚ್ಚುಕೂಟದಲ್ಲಿ ಮತ್ತೊಂದಿಲ್ಲ.) ಕೆಲವು ತಿಂಗಳುಗಳೊಳಗಾಗಿ ಹಿಕಿಯು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಕಡುವಿರೋಧಿಯಾದನು. ಅವನ ಲೇಖನಿಗೆ ಮರ್ಯಾದೆ ತಿಳಿಯದು. ಅಡ್ಡಹೆಸರುಗಳನ್ನಿಟ್ಟು ಮನೆವಾರ್ತೆಗಳನ್ನು ಬೀದಿಗೆಳೆದನು. ಆದರೂ ಮುಖ್ಯ ನ್ಯಾಯಾಧೀಶನಾದ ಎಲೈಜಾ ಇಂಪೆಯು ಹೇಸ್ಟಿಂಗ್ಸನ ಕೈಗೊಂಬೆಯಾಗಿರುವನೆಂದು ಅವನು ಆಡಿಕೊಂಡುದರಲ್ಲಿ ತಿರುಳಿಲ್ಲದೆ ಇರಲಿಲ್ಲ. ಕಂಪೆನಿಯ ಆಡಳಿತದಿಂದ ಬೇರೆಯಾಗಿ ನಿಲ್ಲಬೇಕಾಗಿದ್ದ ಇಂಪೆಯು ಅದೇ ವರ್ಷ ಕಂಪೆನಿಯ ಸದರ್ ದಿವಾನಿ ಅದಾಲತಿನ ಅಧಿಕಾರವನ್ನೂ ವಹಿಸಿಕೊಂಡನು. ಈ ಕಾರಣಕ್ಕಾಗಿಯೇ ೧೭೮೨ರಲ್ಲಿ ಅವನನ್ನು ಹಿಂದಕ್ಕೆ ಕರೆಯಿಸಿಕೊಳ್ಳಬೇಕೆಂದು ಪಾರ್ಲಿಮೆಂಟು ನಿಶ್ಚಯಿಸಿತು. ದ್ವೇಷದಿಂದ ನುಡಿದವನೂ ನಿಜವನ್ನು ನುಡಿಯಬಹುದಷ್ಟೆ.

೧೭೮೦ರ ನವೆಂಬರಿನಲ್ಲಿ ‘ಇಂಡಿಯಾ ಗೆಜೆಟ್’ ಎಂಬ ಎರಡನೆಯ ಪತ್ರಿಕೆ ಹುಟ್ಟಿತು. ಅದರ ಮಾತು ಸೌಮ್ಯ, ನಡೆ ಸಭ್ಯ. ಆದರೆ ಸರ್ಕಾರವು ಅದಕ್ಕೆ ಅಂಚೆಯ ವೆಚ್ಚವನ್ನು ಮನ್ನಾ ಮಾಡಿ, ಅದೇ ತಿಂಗಳಿನಲ್ಲಿ ಹಿಕಿಯ ಪತ್ರಿಕೆಯನ್ನು ಅಂಚೆಯಲ್ಲಿ ಸಾಗಿಸಕೂಡದೆಂದು ಆಜ್ಞೆ ಹೊರಡಿಸಿತು. ೧೭೮೧ರಲ್ಲಿ ಹಿಕಿಯು ಮಾನಹಾನಿಯ ವ್ಯವಹಾರದಲ್ಲಿ ಸೆರೆಮನೆ ಸೇರಿದನು. ವಿಚಾರಣಾಪೀಠದಲ್ಲಿ ಕುಳಿತವನು ಇಂಪೆಯೇ. ೧೭೮೨ರ ಮಾರ್ಚಿಯಲ್ಲಿ ಅಚ್ಚುಮೊಳೆಗಳ ಜಪ್ತಿಯೊಡನೆ ಪತ್ರಿಕೆ ನಿಂತುಹೋಯಿತು. ಗದ್ದಲದ ಪಕ್ಷಪಾತವು ಎಲ್ಲರ ಕಣ್ಣಿಗೂ ಬೀಳುವುದು. ಅಂಚೆಯ ಲೆಕ್ಕದಲ್ಲಿ ಅಡಗಿದ ಪಕ್ಷಪಾತವು ಬರೆದ ಸಾಲುಗಳಲ್ಲಿ ಕಾಣದು, ಬರೆಯದೆ ಬಿಟ್ಟ ಸಾಲುಗಳಲ್ಲಿರುವುದು. ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಡಿಜಿಟಲ್ ಜಾಹೀರಾತು ನೀತಿಯನ್ನು ಪ್ರಕಟಿಸಿ ಅಂತರ್ಜಾಲ ಮಾಧ್ಯಮಗಳಿಗೆ ಸರ್ಕಾರಿ ಜಾಹೀರಾತು ಕೊಡುವ ಕ್ರಮವನ್ನು ವಿಧಿಸಿತು. ಜಾಹೀರಾತು ಪಡೆದ ಮಾತ್ರಕ್ಕೆ ಒಂದು ತಾಣವು ಸುಳ್ಳು ಹೇಳುವುದೆನ್ನಲಾಗದು. ಆದರೆ ಅನ್ನದಾತನು ಯಾರೆಂಬುದನ್ನು ಅರಿತು ಓದುವವನಿಗೆ, ಅಲ್ಲಿ ಯಾವ ಸುದ್ದಿ ಬಾರದೆ ಹೋಯಿತೆಂಬುದನ್ನು ಬೇರೆಡೆ ಹುಡುಕಬೇಕೆಂಬ ಎಚ್ಚರವಿರುವುದು.

ಇನ್ನು ಪರಸ್ಪರ ಶತ್ರುಗಳಾದ ಇಬ್ಬರ ಹೇಳಿಕೆಗಳಿಂದ ನಿಜವನ್ನು ತೆಗೆಯುವ ಬಗೆಗೆ ಕನ್ನಡನಾಡಿನಲ್ಲಿಯೇ ಉದಾಹರಣೆಯಿದೆ. ಹಿಕಿಯ ಪತ್ರಿಕೆ ಹುಟ್ಟಿದ ವರ್ಷವೇ, ಸೆಪ್ಟೆಂಬರ್ ೧೦ರಂದು, ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರಾಲಿ ಟಿಪ್ಪುಗಳ ಸೈನ್ಯವು ಕರ್ನಲ್ ಬೇಲಿಯ ದಂಡನ್ನು ನಿರ್ಮೂಲ ಮಾಡಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಗೆದ್ದವರು ಬರೆಯಿಸಿದ ಯುದ್ಧಚಿತ್ರವನ್ನು ಈಗಲೂ ನೋಡಬಹುದು. ಅದು ಹಲವು ಸಲ ಹೊಸ ಬಣ್ಣ ಕಂಡುದೇನೋ ನಿಜ. ಅಲ್ಲಿ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿರುವನು. ಮದ್ದಿನ ಬಂಡಿಯು ಸಿಡಿಯುತ್ತಿರುವುದು. ಸೋತ ಆಂಗ್ಲರ ಬರಹಗಳಲ್ಲಿಯೂ ಮದ್ದಿನ ಬಂಡಿಗಳು ಸಿಡಿದವು, ಬೇಲಿಯು ಸೆರೆಸಿಕ್ಕಿದನು; ೧೭೮೨ರಲ್ಲಿ ಅವನು ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಮಡಿದನು. ಇಷ್ಟರಲ್ಲಿ ವಿವಾದವಿಲ್ಲ. ಭೇದವಿರುವುದು ಕಾರಣದಲ್ಲಿ. ಚಿತ್ರವು ಎಲ್ಲವನ್ನೂ ಶೌರ್ಯಕ್ಕೆ ಸಲ್ಲಿಸುವುದು. ಆಂಗ್ಲರು ಸರ್ ಹೆಕ್ಟರ್ ಮನ್ರೋ ಹತ್ತಿರದ ಕಂಚಿಯಲ್ಲಿದ್ದೂ ಸಕಾಲಕ್ಕೆ ನೆರವಿಗೆ ಬಾರದುದನ್ನು ಮುಂದಿಡುವರು. ಮನ್ರೋ ದೊಡ್ಡ ಫಿರಂಗಿಗಳನ್ನು ಕೆರೆಗೆ ಹಾಕಿ ಮದರಾಸಿಗೆ ಹಿಂದಿರುಗಿದುದು ಅವರೇ ಒಪ್ಪಿದ ಸಂಗತಿ. ತನ್ನವರಿಗೆ ಅವಮಾನಕರವಾದುದನ್ನು ಪಕ್ಷಪಾತಿಯೇ ಒಪ್ಪಿಕೊಂಡರೆ ಆ ವಾಕ್ಯಕ್ಕೆ ಹೆಚ್ಚಿನ ಬೆಲೆ ಸಲ್ಲಬೇಕು.

ಈ ಪರೀಕ್ಷೆಗೆ ಸಮೀಪಕಾಲದ ನಿದರ್ಶನವೊಂದುಂಟು. ೨೦೨೨ರ ಅಕ್ಟೋಬರಿನಲ್ಲಿ ಸರ್ಕಾರದ ಟೀಕಾಕಾರನೆಂದು ಹೆಸರಾದ ‘ದಿ ವೈರ್’ ಎಂಬ ಸುದ್ದಿತಾಣವು, ಆಳುವ ಪಕ್ಷದ ಪ್ರಮುಖನೊಬ್ಬನಿಗೆ ಇನ್‌ಸ್ಟಾಗ್ರಾಮಿನಲ್ಲಿ ಪರರ ಬರಹಗಳನ್ನು ತೆಗೆಯಿಸುವ ವಿಶೇಷಾಧಿಕಾರವನ್ನು ಮೆಟಾ ಕಂಪೆನಿಯು ಕೊಟ್ಟಿದೆಯೆಂದು ಬರೆಯಿತು. ಮೆಟಾ ನಿರಾಕರಿಸಿತು. ತಾಣವು ಸಾಕ್ಷ್ಯವಾಗಿ ಇ-ಮೇಲ್ ಪತ್ರವೊಂದನ್ನು ಮುಂದಿಟ್ಟಿತು. ಪಕ್ಷವನ್ನು ನೋಡಿದವರಲ್ಲಿ ಅರ್ಧ ಜನ ಒಡನೆಯೇ ನಂಬಿದರು, ಅರ್ಧ ಜನ ಒಡನೆಯೇ ತಿರಸ್ಕರಿಸಿದರು. ಪತ್ರವನ್ನು ನೋಡಿದವರು ಕೆಲವರೇ. ಆ ಪತ್ರವು ನಿಜವೆಂದು ದೃಢಪಡಿಸಿದರೆಂದು ಹೇಳಲ್ಪಟ್ಟಿದ್ದ ತಜ್ಞರೇ ತಾವು ಹಾಗೆ ಬರೆದಿಲ್ಲವೆಂದುದು ಅವರ ಶೋಧನೆಯಿಂದ ಹೊರಬಿದ್ದಿತು; ಹೀಗೆ ಶೋಧಿಸಿದವರಲ್ಲಿ ಮೆಟಾ ಕಂಪೆನಿಯ ಕಟುಟೀಕಾಕಾರರೂ ಇದ್ದರು. ಅದೇ ತಿಂಗಳು ಮುಗಿಯುವುದರೊಳಗಾಗಿ ತಾಣವು ಲೇಖನಗಳನ್ನು ಹಿಂತೆಗೆದುಕೊಂಡು, ಓದುಗರ ಕ್ಷಮೆ ಬೇಡಿ, ಆ ದಾಖಲೆಗಳನ್ನು ತಂದಿದ್ದ ತನ್ನದೇ ಸಂಶೋಧಕನ ಮೇಲೆ ಪೋಲೀಸರಿಗೆ ದೂರು ಕೊಟ್ಟಿತು.