ಕವಲೂರಿನಿಂದ ಹೊಸಕೋಟೆಗೆ: ಹಂಚಿಕೆಯ ವೀಕ್ಷಣಾಲಯಗಳ ನಿರ್ವಹಣೆಯ ಇತಿಹಾಸ

ಭಾರತದ ಆಧುನಿಕ ಖಗೋಳವಿಜ್ಞಾನದ ಇತಿಹಾಸವು ಬಹುಮಟ್ಟಿಗೆ ನಿರ್ದೇಶಕರ ಮತ್ತು ಶೋಧನೆಗಳ ಇತಿಹಾಸವಾಗಿಯೇ ಉಳಿದಿದೆ. ಯಾವ ವರ್ಷ ಯಾವ ದೂರದರ್ಶಕ ಸ್ಥಾಪನೆಯಾಯಿತು, ಅದರಿಂದ ಯಾರು ಏನನ್ನು ಕಂಡರು ಎಂಬುದಕ್ಕೆ ದಾಖಲೆಗಳುಂಟು. ಆದರೆ ಆ ದೂರದರ್ಶಕದ ದರ್ಪಣ ಮಸುಕಾದಾಗ ಅದಕ್ಕೆ ಮತ್ತೆ ಹೊಳಪು ತಂದವರು ಯಾರು, ಒಂದೇ ಉಪಕರಣಕ್ಕಾಗಿ ಸರದಿಯಲ್ಲಿದ್ದ ಸಂಶೋಧಕರ ನಡುವೆ ರಾತ್ರಿಗಳು ಹೇಗೆ ಹಂಚಿಕೆಯಾದವು ಎಂಬ ಪ್ರಶ್ನೆಗಳಿಗೆ ಉತ್ತರ ಅಡಿಟಿಪ್ಪಣಿಗಳಲ್ಲೂ ಸಿಗುವುದು ಅಪರೂಪ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಈ ಬದಿಯ ಕಥೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೀಕ್ಷಣಾಲಯವೊಂದು ಹೊರಗಿನ ಸಂಶೋಧಕರಿಗೂ ತೆರೆದುಕೊಂಡಾಗ ನಿರ್ವಹಣೆಯು ವೀಕ್ಷಕನ ಬಿಡುವಿನ ಕೆಲಸವಾಗಿ ಉಳಿಯದೆ, ತನ್ನದೇ ವೇಳಾಪಟ್ಟಿ, ದಾಖಲೆ ಮತ್ತು ಕುಶಲಕರ್ಮಿಗಳುಳ್ಳ ಸ್ವತಂತ್ರ ಕಸುಬಾಗುತ್ತದೆ ಎಂಬುದು, ಮತ್ತು ಭಾರತದಲ್ಲಿ ಆ ಕಸುಬು ಇಲ್ಲೇ ಬೆಳೆದಷ್ಟು ಮಟ್ಟಿಗೆ ಮಾತ್ರ ಹಂಚಿಕೆ ಸಾಧ್ಯವಾಯಿತು ಎಂಬುದು ಇಲ್ಲಿನ ವಾದ.

ಈ ಸಂಸ್ಥೆಯ ಬೇರು ಮದರಾಸಿನಲ್ಲಿದೆ. 1786ರಲ್ಲಿ ವಿಲಿಯಂ ಪೆಟ್ರಿ ಎಂಬ ಕಂಪನಿ ಅಧಿಕಾರಿ ಎಗ್ಮೋರಿನಲ್ಲಿ ಖಾಸಗಿಯಾಗಿ ನಡೆಸುತ್ತಿದ್ದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ ವಹಿಸಿಕೊಂಡು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಅದಕ್ಕೆ ಕಟ್ಟಡ ಕಟ್ಟಿಸಿತು. ಅಂದು ಉಪಕರಣವನ್ನು ಹೊತ್ತಿದ್ದ ಗ್ರಾನೈಟ್ ಕಂಬವು ಅದರ ಮೇಲಿನ ಶಾಸನಗಳ ಸಮೇತ ಈಗಲೂ ಅಲ್ಲಿನ ಹವಾಮಾನ ಕಚೇರಿಯ ಆವರಣದಲ್ಲಿ ನಿಂತಿದೆ. ಇಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು 1867ರಲ್ಲಿ ‘ಆರ್ ರೆಟಿಕ್ಯುಲಿ’ ಎಂಬ ಚಂಚಲ ನಕ್ಷತ್ರವನ್ನು, ಎಂದರೆ ಕಾಂತಿ ಏರಿಳಿಯುವ ತಾರೆಯನ್ನು ಗುರುತಿಸಿದರು. ಆದರೆ ಈ ಹಂತದಲ್ಲಿ ಹಂಚಿಕೆ ಎಂಬ ಮಾತೇ ಹುಟ್ಟುವುದಿಲ್ಲ; ಸಂಸ್ಥೆಯ ಉಪಕರಣ ಸಂಸ್ಥೆಯ ನೌಕರರದು, ರಾತ್ರಿಯ ಕಾರ್ಯಕ್ರಮ ನಿರ್ದೇಶಕರದು.

1899ರಲ್ಲಿ ಕೊಡೈಕನಾಲ್ ಸೌರ ವೀಕ್ಷಣಾಲಯವು ಸ್ಥಾಪನೆಯಾದ ಮೇಲೂ ಈ ವ್ಯವಸ್ಥೆ ಬದಲಾಗಲಿಲ್ಲವಾದರೂ, ನಿರ್ವಹಣೆಯ ದೃಷ್ಟಿಯಿಂದ ಅಲ್ಲೊಂದು ಹೊಸ ಸಂಗತಿ ಕಾಣಿಸಿಕೊಂಡಿತು. ಪ್ಯಾರಿಸ್‌ನಲ್ಲಿ 1850ರ ಸುಮಾರಿಗೆ ತಯಾರಾದ, 15 ಸೆಂಟಿಮೀಟರ್ ವ್ಯಾಸದ ಮಸೂರವುಳ್ಳ ದೂರದರ್ಶಕವನ್ನು ನವೀಕರಿಸಿ, ಇಪ್ಪತ್ತನೆಯ ಶತಮಾನದ ಆರಂಭದಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ಅದರಿಂದ ಸೂರ್ಯನ ಚಿತ್ರಗಳನ್ನು ತೆಗೆಯಲಾಯಿತು. ನೂರು ವರ್ಷಗಳ ಸೌರಕಲೆಗಳನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾಗಿರುವುದು ಉಪಕರಣ ಬದಲಾಗದೆ ಉಳಿದದ್ದರಿಂದ. ಇಂಥ ಸರಣಿಯಲ್ಲಿ ಸುಧಾರಣೆಯೇ ಅಪಾಯಕಾರಿ: ಹೆಚ್ಚು ಒಳ್ಳೆಯ ಮಸೂರವೊಂದನ್ನು ಕೂರಿಸಿದ ದಿನದಿಂದ ಹಿಂದಿನ ಚಿತ್ರಗಳೊಂದಿಗಿನ ಸಾತತ್ಯ ತಪ್ಪುತ್ತದೆ. ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಅಲ್ಲಿನ ಗಾಜಿನ ಫಲಕಗಳನ್ನು ಡಿಜಿಟಲೀಕರಿಸಿದ ಸಂಶೋಧಕರು ಚಿತ್ರಗಳ ಗುಣಮಟ್ಟ ದಶಕದಿಂದ ದಶಕಕ್ಕೆ ಬದಲಾಗಿರುವುದನ್ನು ಕಂಡಿದ್ದಾರೆ. ಆ ಬದಲಾವಣೆಯಲ್ಲಿ ಸೂರ್ಯನ ಪಾಲೆಷ್ಟು, ಉಪಕರಣದ ಪಾಲೆಷ್ಟು ಎಂದು ಬೇರ್ಪಡಿಸಲು ಆ ಕಾಲದ ದಿನಚರಿ ಪುಸ್ತಕಗಳಿಗೇ ಮೊರೆಹೋಗಬೇಕಾಗುತ್ತದೆ.

ಕೊಡೈಕನಾಲಿನ ನಿರ್ದೇಶಕರಾಗಿದ್ದ ಎಂ. ಕೆ. ವೇಣು ಬಾಪ್ಪು ಅವರು ರಾತ್ರಿಯ ಆಕಾಶದ ಅಧ್ಯಯನಕ್ಕಾಗಿ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, ಸುಮಾರು 725 ಮೀಟರ್ ಎತ್ತರದ ಕವಲೂರನ್ನು ಆರಿಸಿಕೊಂಡದ್ದು 1960ರ ದಶಕದಲ್ಲಿ. 1968ರಲ್ಲಿ ಅಲ್ಲಿ ಕೆಲಸ ಆರಂಭಿಸಿದ 38 ಸೆಂಟಿಮೀಟರ್ ದೂರದರ್ಶಕವು ಸಂಸ್ಥೆಯ ಸ್ವಂತ ಕಾರ್ಯಾಗಾರದಲ್ಲಿ ತಯಾರಾದದ್ದು ಎಂಬುದು ಮುಂದಿನ ಬೆಳವಣಿಗೆಗೆ ದಿಕ್ಸೂಚಿಯಾಯಿತು. 1972ರಲ್ಲಿ ಪೂರ್ವ ಜರ್ಮನಿಯ ಜೀಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಬಂದಿತು. ಅದೇ ವರ್ಷದ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದಾಗ, ಕವಲೂರಿನಲ್ಲೂ ಇಂಡೋನೇಷ್ಯಾದ ಲೆಂಬಾಂಗ್‌ನಲ್ಲೂ ನಡೆದ ಮಾಪನಗಳು ಆ ಉಪಗ್ರಹಕ್ಕೆ ತೆಳು ವಾತಾವರಣ ಇರಬಹುದೆಂಬ ಸೂಚನೆ ಕೊಟ್ಟವು. 1977ರ ಮಾರ್ಚ್ 10ರಂದು ಯುರೇನಸ್ಸಿನ ಉಂಗುರಗಳು ಪತ್ತೆಯಾದ ಆಚ್ಛಾದನೆಯನ್ನೂ ಇದೇ ದೂರದರ್ಶಕ ದಾಖಲಿಸಿತು. ಒಂದು ಕಾಯ ಇನ್ನೊಂದನ್ನು ಮರೆಮಾಡುವ ಆಚ್ಛಾದನೆಯ ಘಟನೆಗಳು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ, ಮರುಕಳಿಸುವುದಿಲ್ಲ. ಆ ಹೊತ್ತಿಗೆ ಚಾಲಕ ಯಂತ್ರ ತಡವರಿಸಿದರೆ, ದ್ಯುತಿಮಾಪಕಕ್ಕೆ, ಅಂದರೆ ಬೆಳಕಿನ ತೀವ್ರತೆ ಅಳೆಯುವ ಸಾಧನಕ್ಕೆ, ವಿದ್ಯುತ್ ಕೈಕೊಟ್ಟರೆ ಶೋಧನೆಯೇ ಇಲ್ಲ. ಕವಲೂರಿಗೆ ಹೆಸರು ತಂದ ಈ ಎರಡೂ ಘಟನೆಗಳು ಉಪಕರಣದ ಸುಸ್ಥಿತಿಗೆ ನಡೆದ ಪರೀಕ್ಷೆಗಳೂ ಆಗಿದ್ದವು ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಬಾಪ್ಪು ಅವರ ದೊಡ್ಡ ಯೋಜನೆಯು 2.34 ಮೀಟರ್ ವ್ಯಾಸದ ದೂರದರ್ಶಕವಾಗಿತ್ತು. ಉಷ್ಣತೆ ಬದಲಾದರೂ ಬಹುಮಟ್ಟಿಗೆ ಹಿಗ್ಗದ, ಕುಗ್ಗದ ಜೀರೋಡುರ್ ಎಂಬ ಗಾಜುಪಿಂಗಾಣಿಯ ಬಿಲ್ಲೆಯನ್ನು ಜರ್ಮನಿಯಿಂದ ತರಿಸಲಾಯಿತಾದರೂ, ಅದನ್ನು ಅರೆದು ಉಜ್ಜಿ ದರ್ಪಣವಾಗಿಸುವ ಕೆಲಸ ಬೆಂಗಳೂರಿನ ಸಂಸ್ಥೆಯ ಪ್ರಯೋಗಾಲಯದಲ್ಲಿ ಎ. ಪಿ. ಜಯರಾಜನ್ ಅವರ ಮುಂದಾಳತ್ವದಲ್ಲಿ ನಡೆಯಿತು. ದೂರದರ್ಶಕವನ್ನು ಹೊರುವ ಕುದುರೆಲಾಳದ ಆಕಾರದ ಚೌಕಟ್ಟು ಮಹಾರಾಷ್ಟ್ರದ ವಾಲ್‌ಚಂದ್‌ನಗರ ಕಾರ್ಖಾನೆಯಲ್ಲಿ ತಯಾರಾಯಿತು. ಬಾಪ್ಪು 1982ರಲ್ಲಿ ನಿಧನರಾದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಉದ್ಘಾಟಿಸಿದ ಈ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಬಾಪ್ಪು ಅವರ ಹೆಸರನ್ನೇ ಇಡಲಾಯಿತು. ಸಿದ್ಧ ಯಂತ್ರವನ್ನು ಕೊಂಡು ತಂದಿದ್ದರೆ ಕಾಲ ಉಳಿಯುತ್ತಿತ್ತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಟ್ಟಿದ ಕೈಗಳೇ ಕೆಟ್ಟದ್ದನ್ನೂ ಬಿಚ್ಚಬಲ್ಲವು. ಯಂತ್ರದ ಪ್ರತಿ ಬೇರಿಂಗಿನ ನಕ್ಷೆ ದೇಶದೊಳಗೇ ಇದ್ದುದರ ಬೆಲೆ ಮುಂದಿನ ದಶಕಗಳ ದುರಸ್ತಿಗಳಲ್ಲಿ ತಿಳಿಯಿತು.

ನಿರ್ವಹಣೆಯ ಕೆಲಸಗಳಲ್ಲಿ ಅತ್ಯಂತ ನಾಜೂಕಾದದ್ದು ದರ್ಪಣದ ಮರುಲೇಪನ. ಅದನ್ನು ತುಸು ವಿವರವಾಗಿ ನೋಡುವುದು ಅಗತ್ಯ. ದೂರದರ್ಶಕದ ದರ್ಪಣದಲ್ಲಿ ಬೆಳಕನ್ನು ಪ್ರತಿಫಲಿಸುವುದು ಗಾಜಲ್ಲ, ಅದರ ಮೇಲಿರುವ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ಪದರ. ಧೂಳು, ತೇವ, ಪರಾಗ, ಕೀಟಗಳ ದೆಸೆಯಿಂದ ಅದು ಮಸುಕಾಗುತ್ತ ಹೋಗುತ್ತದೆ. ಹೊಸ ಲೇಪ ಸುಮಾರು ಶೇ. 90ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆ ಎಂದುಕೊಂಡರೆ, ಎರಡು ದರ್ಪಣಗಳ ವ್ಯವಸ್ಥೆಯಲ್ಲಿ ಉಪಕರಣಕ್ಕೆ ತಲುಪುವುದು ಶೇ. 81, ಎರಡೂ ಶೇ. 80ಕ್ಕೆ ಇಳಿದರೆ ತಲುಪುವುದು ಶೇ. 64 ಮಾತ್ರ. ಅಂದರೆ ಯಾರ ಗಮನಕ್ಕೂ ಬಾರದೆ 2.34 ಮೀಟರ್ ದೂರದರ್ಶಕವು 2.1 ಮೀಟರಿಗಿಂತ ಚಿಕ್ಕ ದೂರದರ್ಶಕದಂತೆ ವರ್ತಿಸತೊಡಗುತ್ತದೆ.

ಮರುಲೇಪನಕ್ಕೆ ದರ್ಪಣವನ್ನು ಅದರ ತೊಟ್ಟಿಲಿನಿಂದ ಬಿಡಿಸಿ ಕ್ರೇನಿನಿಂದ ಕೆಳಗಿಳಿಸಬೇಕು. ಹಳೆಯ ಪದರವನ್ನು ರಾಸಾಯನಿಕದಿಂದ ಕರಗಿಸಿ, ಶುದ್ಧ ನೀರಿನಲ್ಲಿ ತೊಳೆದು, ಹತ್ತಿಯಿಂದ ಒರೆಸುವಾಗ ಒಂದು ಹರಳು ಸಿಕ್ಕಿಕೊಂಡರೂ ವರ್ಷಗಟ್ಟಲೆ ಉಜ್ಜಿ ಪಡೆದ ಮೇಲ್ಮೈಯಲ್ಲಿ ಗೀರು ಬೀಳುತ್ತದೆ. ಒಂದು ಬೆರಳಚ್ಚು ಉಳಿದರೂ ಲೇಪ ಅಲ್ಲಿ ಹಿಡಿಯದೆ ಕಲೆಯಾಗುತ್ತದೆ. ಬಳಿಕ ದರ್ಪಣವನ್ನು ನಿರ್ವಾತ ಕೋಶದೊಳಗಿಟ್ಟು, ಒಳಗಿನ ಗಾಳಿಯನ್ನು ವಾಯುಭಾರದ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುವಂತೆ ಹೀರಿ, ಟಂಗ್‌ಸ್ಟನ್ ತಂತಿಗಳಿಗೆ ಸಿಕ್ಕಿಸಿದ ಅಲ್ಯೂಮಿನಿಯಂ ತುಣುಕುಗಳನ್ನು ವಿದ್ಯುತ್ತಿನಿಂದ ಕಾಯಿಸಿದರೆ ಲೋಹ ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ. ಲೋಹ ಕೂರಲು ಹಿಡಿಯುವ ಕಾಲ ಅತ್ಯಲ್ಪ, ಉಳಿದದ್ದೆಲ್ಲ ಸಿದ್ಧತೆಯೇ. ಕವಲೂರಿನ ಆವರಣದಲ್ಲೇ 2.8 ಮೀಟರ್ ವ್ಯಾಸದ ಲೇಪನ ಕೋಶವನ್ನು ಸ್ಥಾಪಿಸಿದ್ದು, ದೂರದರ್ಶಕವನ್ನು ಕಟ್ಟಿದ್ದಕ್ಕಿಂತ ಕಡಿಮೆ ಮಹತ್ವದ ನಿರ್ಧಾರವಲ್ಲ. ದರ್ಪಣವನ್ನು ಘಟ್ಟದ ದಾರಿಯಲ್ಲಿ ಹೊತ್ತು ಸಾಗಿಸುವ ಗಂಡಾಂತರ ಅದರಿಂದ ತಪ್ಪಿತು.

ಹಂಚಿಕೆಯ ಪ್ರಶ್ನೆ ಇಲ್ಲಿಗೆ ನೇರವಾಗಿ ಬಂದು ಸೇರುತ್ತದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ, ಸಂಸ್ಥೆಗಳ ಸಂಶೋಧಕರು ಮುಂಚಿತವಾಗಿ ಅರ್ಜಿ ಸಲ್ಲಿಸಿ, ಸಮಯ ಹಂಚಿಕೆ ಸಮಿತಿಯು ಪ್ರಸ್ತಾಪಗಳ ವೈಜ್ಞಾನಿಕ ಯೋಗ್ಯತೆಯನ್ನು ತೂಗಿ ರಾತ್ರಿಗಳನ್ನು ಗೊತ್ತುಪಡಿಸುವ ವ್ಯವಸ್ಥೆಯಲ್ಲಿ, ಕೆಟ್ಟುನಿಂತ ಒಂದು ರಾತ್ರಿ ಯಾರದೋ ತಿಂಗಳುಗಳ ಕಾಯುವಿಕೆಯನ್ನು ವ್ಯರ್ಥಗೊಳಿಸುತ್ತದೆ. ಆದ್ದರಿಂದ ದೊಡ್ಡ ದುರಸ್ತಿಗಳು ಮೋಡದ ತಿಂಗಳುಗಳಿಗೆ ಹೊಂದಿಕೊಂಡವು. ಕವಲೂರಿಗೆ ಎರಡು ಮಳೆಗಾಲಗಳ ಮೋಡವೂ ತಟ್ಟುವುದರಿಂದ ಅಲ್ಲಿ ವರ್ಷಾರಂಭದ ತಿಂಗಳುಗಳು ವೀಕ್ಷಣೆಯ ಸುಗ್ಗಿ. ಇನ್ನೊಂದು ಪರಿಣಾಮ ಮಾಪನಾಂಕನದ ಶಿಸ್ತು. ಛಾಯಾಫಲಕಗಳ ಜಾಗಕ್ಕೆ ಸಿಸಿಡಿ, ಅಂದರೆ ಬೆಳಕನ್ನು ವಿದ್ಯುದಂಶಗಳಾಗಿ ಎಣಿಸುವ ಸಿಲಿಕಾನ್ ಬಿಲ್ಲೆ, ಬಂದ ಮೇಲೆ ಬೆಳಕು ಬೀಳಿಸದೆ ತೆಗೆದ ಶೂನ್ಯಚಿತ್ರ, ಸಮನಾದ ಬೆಳಕಿನಲ್ಲಿ ತೆಗೆದ ಸಮತಲಚಿತ್ರ, ಗೊತ್ತಾದ ರೇಖೆಗಳುಳ್ಳ ದೀಪದ ರೋಹಿತ ಇವೆಲ್ಲ ಪ್ರತಿ ರಾತ್ರಿಯ ಕಡ್ಡಾಯ ಕೆಲಸಗಳಾದವು. ಇವಿಲ್ಲದಿದ್ದರೆ ಒಬ್ಬರ ಮಾಪನವನ್ನು ಇನ್ನೊಬ್ಬರು ನಂಬುವಂತಿಲ್ಲ. ಉಷ್ಣದಿಂದ ಹುಟ್ಟುವ ಹುಸಿ ಸಂಕೇತಗಳನ್ನು ಅಡಗಿಸಲು ಸಿಸಿಡಿಯನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ನೆರವಿನಿಂದ ತಣ್ಣಗಿಡಬೇಕಾದ್ದರಿಂದ, ನೈಟ್ರೋಜನ್ ಘಟಕದ ಕಂಪ್ರೆಸರ್ ಕೂಡ ಗುಮ್ಮಟದಷ್ಟೇ ಮುಖ್ಯವಾಯಿತು.

ಲಡಾಖಿನ ಹಾನ್ಲೆಯಲ್ಲಿ ಈ ಎಲ್ಲವೂ ತುತ್ತತುದಿಗೆ ಮುಟ್ಟಿತು. ಸಮುದ್ರಮಟ್ಟಕ್ಕಿಂತ 4,500 ಮೀಟರ್ ಎತ್ತರದ ಸರಸ್ವತಿ ಶಿಖರದ ಮೇಲೆ, ಅಮೆರಿಕದಲ್ಲಿ ತಯಾರಾದ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು 2000ದ ಸೆಪ್ಟೆಂಬರಿನಲ್ಲಿ ಮೊದಲ ಬಾರಿ ಆಕಾಶ ನೋಡಿತು. ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟೂ ಇಲ್ಲದ, ಚಳಿಗಾಲದಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿಗೂ ಕೆಳಗಿಳಿಯುವ ಜಾಗದಲ್ಲಿ ಬಂದ ವೀಕ್ಷಕರನ್ನೆಲ್ಲ ರಾತ್ರಿಯಿಡೀ ಕೂರಿಸುವುದು ವಿವೇಕವಲ್ಲ. ಹೀಗಾಗಿ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ನಿಯಂತ್ರಣ ಕೇಂದ್ರ ಕಟ್ಟಿ, ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ದೂರದರ್ಶಕವನ್ನು ನಡೆಸುವ ಏರ್ಪಾಡು 2001ರಲ್ಲಿ ಆರಂಭವಾಯಿತು. 2003ರಿಂದ ಅರ್ಜಿ ಸಲ್ಲಿಸಿದ ಸಂಶೋಧಕರಿಗೆಲ್ಲ ಅದು ತೆರೆದಿದೆ. ವರ್ಷವನ್ನು ನಾಲ್ಕು ತಿಂಗಳ ಮೂರು ಸುತ್ತುಗಳಾಗಿ ವಿಂಗಡಿಸಿ ಸಮಯ ಹಂಚಲಾಗುತ್ತದೆ. ಸೂಪರ್‌ನೋವಾ ಸಿಡಿದಂಥ ಅನಿರೀಕ್ಷಿತ ಸಂದರ್ಭದಲ್ಲಿ ಬೇರೊಬ್ಬರ ರಾತ್ರಿಯ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಡುವ ಪದ್ಧತಿಯೂ ಇದೆ. ಹೊಸಕೋಟೆಯ ಪರದೆಯ ಮುಂದೆ ಕುಳಿತ ವೀಕ್ಷಕನು ತಾನು ಬಳಸುವ ಯಂತ್ರವನ್ನು ಕಣ್ಣಾರೆ ಕಾಣದೆಯೇ ಪ್ರಬಂಧ ಬರೆಯಬಹುದು. ಗುಮ್ಮಟದ ಮೇಲಿನ ಹಿಮ ತೆಗೆಯುವ, ಸೌರಫಲಕಗಳನ್ನೂ ಜನರೇಟರುಗಳನ್ನೂ ನೋಡಿಕೊಳ್ಳುವ, ಶೈತ್ಯಪಾತ್ರೆಗೆ ನೈಟ್ರೋಜನ್ ತುಂಬುವ ತಂತ್ರಜ್ಞರು ಬೆಟ್ಟದ ಮೇಲಿರುವುದರಿಂದಲೇ ಅದು ಸಾಧ್ಯ. ಅಂಥ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಹಾನ್ಲೆ ಮತ್ತು ಹೊಸಕೋಟೆಯ ಸಿಬ್ಬಂದಿಯ ಪ್ರಸ್ತಾಪ ವಾಡಿಕೆಯಾಗಿ ಬರುತ್ತದೆ. ಇತಿಹಾಸಕಾರರು ಆ ಸಾಲನ್ನು ಈಗಿನದಕ್ಕಿಂತ ಗಂಭೀರವಾಗಿ ಓದಬೇಕಾಗಿದೆ.

ಕರ್ನಾಟಕದೊಳಗೆ ಹಂಚಿಕೆಯ ಬೇರೊಂದು ಮಾದರಿ ಇದಕ್ಕೂ ಮೊದಲೇ ಇತ್ತು. ಗೌರಿಬಿದನೂರಿನ ಬಳಿ ಇದೇ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಜೊತೆಗೂಡಿ 1970ರ ದಶಕದಲ್ಲಿ ಕಟ್ಟಿದ, 34.5 ಮೆಗಾಹರ್ಟ್ಸ್ ತರಂಗಗಳನ್ನು ಹಿಡಿಯುವ ರೇಡಿಯೊ ದೂರದರ್ಶಕದಲ್ಲಿ ದರ್ಪಣವಿರಲಿಲ್ಲ, ಗುಮ್ಮಟವಿರಲಿಲ್ಲ. ಬಯಲಿನಲ್ಲಿ ಆಂಗ್ಲ ‘ಟಿ’ ಅಕ್ಷರದ ಆಕಾರಕ್ಕೆ ನೆಟ್ಟ 1,000 ದ್ವಿಧ್ರುವ ಆಂಟೆನಾಗಳಿದ್ದವು. ನಿರ್ವಹಣೆ ಎಂದರೆ ಇಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡ ಕಂಬ, ತಂತಿ, ಕೇಬಲುಗಳ ಪಹರೆ.

ಇತ್ತೀಚಿನ ಒಪ್ಪಂದಗಳಲ್ಲಿ ಸಮಯದ ಹಂಚಿಕೆ ವಿನಿಮಯದ ರೂಪ ತಾಳಿದೆ. ಉತ್ತರಾಖಂಡದ ದೇವಸ್ಥಲದಲ್ಲಿ 2016ರಲ್ಲಿ ಉದ್ಘಾಟನೆಯಾದ 3.6 ಮೀಟರ್ ದೂರದರ್ಶಕಕ್ಕೆ ನೆರವು ನೀಡಿದ ಬೆಲ್ಜಿಯಂಗೆ ವೀಕ್ಷಣಾ ಸಮಯದ ಶೇ. 7ರಷ್ಟು ಪಾಲು ಸಲ್ಲುತ್ತದೆ. ಮೂವತ್ತು ಮೀಟರ್ ದೂರದರ್ಶಕದ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತವು ತನ್ನ ಪಾಲಿನ ಬಹುಭಾಗವನ್ನು ಹಣದ ಬದಲು ಕೆಲಸದ ರೂಪದಲ್ಲಿ ಸಲ್ಲಿಸಲು ಒಪ್ಪಿಕೊಂಡಿದೆ. ಆ ದೂರದರ್ಶಕದ ಪ್ರಧಾನ ದರ್ಪಣ 492 ಖಂಡಗಳಿಂದ ಕೂಡಿರುತ್ತದೆ. ಬದಲಿ ಖಂಡಗಳೂ ಸೇರಿದ ಒಟ್ಟು ತಯಾರಿಯಲ್ಲಿ ಭಾರತದ ಪಾಲಿಗೆ ಬಂದಿರುವ 84 ಖಂಡಗಳನ್ನು ಉಜ್ಜಲೆಂದು 2020ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಕಾರ್ಯಾಗಾರ ಇರುವುದು ಹೊಸಕೋಟೆಯಲ್ಲೇ, ಹಾನ್ಲೆಯ ದೂರದರ್ಶಕವನ್ನು ನಡೆಸುವ ಅದೇ ಆವರಣದಲ್ಲಿ.