ಸವೆಯುತ್ತಾ ಹಾಡಿದ ಟೇಪು

ಕಳೆದ ತಿಂಗಳು ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೆಡ್‌ಫೋನನ್ನು ನನಗೆ ತೊಡಿಸಿ, "ಮೇಷ್ಟ್ರೇ, ಒಂದು ಗಂಟೆ ಸುಮ್ಮನೆ ಕೇಳಿ" ಎಂದ. ರಾಗವಿಲ್ಲ, ತಾಳವಿಲ್ಲ. ಕೊಂಬಿನ ಊದಿನಂತಹ ಒಂದೇ ಪುಟ್ಟ ಸ್ವರಗುಚ್ಛ ಮರಳಿ ಮರಳಿ ಬರುತ್ತಿತ್ತು. ಹತ್ತು ನಿಮಿಷಕ್ಕೇ ಬೇಸರವಾಯಿತು. ಆದರೆ ಆಮೇಲೆ ಆ ಧ್ವನಿಯಲ್ಲಿ ತೂತುಗಳು ಬೀಳತೊಡಗಿದವು. ನಾನು ನೆಟ್ಟಗೆ ಕುಳಿತೆ.

ಇದು ಅಮೆರಿಕದ ವಿಲಿಯಂ ಬಸಿನ್ಸ್ಕಿಯವರ 'ಡಿಸ್‌ಇಂಟಿಗ್ರೇಶನ್ ಲೂಪ್ಸ್'. ರೇಡಿಯೊದಲ್ಲಿ ಹಿಡಿದ ಹಿನ್ನೆಲೆ ಸಂಗೀತದ ತುಣುಕುಗಳನ್ನು ಅವರು 1980ರ ದಶಕದ ಆರಂಭದಲ್ಲಿ ಮುದ್ರಿಸಿ, ಟೇಪಿನ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿ ಇಟ್ಟಿದ್ದರು. 2001ರ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮನೆಯಲ್ಲಿ, ಅವು ಹಾಳಾಗುವ ಮುನ್ನ ಡಿಜಿಟಲ್ ಪ್ರತಿ ಮಾಡಿಕೊಳ್ಳೋಣವೆಂದು ಯಂತ್ರಕ್ಕೆ ಹಾಕಿದರು. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ಧ್ವನಿ ಉಳಿಯುವುದು ಆ ಪುಡಿಯಲ್ಲಿಯೇ. ಹಳೆಯ ಅಂಟು ಸಡಿಲವಾಗಿ, ಪ್ರತಿ ಸುತ್ತಿಗೂ ಪುಡಿ ಉದುರತೊಡಗಿತು. ಉದುರಿದಷ್ಟು ಸಂಗೀತ ಹೋಯಿತು. ಬಸಿನ್ಸ್ಕಿ ಯಂತ್ರವನ್ನು ನಿಲ್ಲಿಸಲಿಲ್ಲ. ಆ ಸವೆತವನ್ನೇ ಪೂರ್ತಿಯಾಗಿ ಮುದ್ರಿಸಿಕೊಂಡರು.

ಅದೇ ವರ್ಷದ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಕುಸಿದವು. ಅಂದಿನ ಸಂಜೆ ಅವರು ತಮ್ಮ ಮಹಡಿಯಿಂದ, ಬೆಳಕು ಕಂದುವ ತನಕ, ನದಿಯಾಚೆಯ ಹೊಗೆಯನ್ನು ಚಿತ್ರೀಕರಿಸಿದರು. ಆ ಚಿತ್ರಕ್ಕೆ ಈ ಸಂಗೀತವನ್ನು ಜೋಡಿಸಿ, ಕೃತಿಯನ್ನು ಮಡಿದವರಿಗೆ ಅರ್ಪಿಸಿದರು. ಈಗ ಹಲವರು ಇದನ್ನು ಆ ದುರಂತಕ್ಕಾಗಿಯೇ ರಚಿಸಿದ ಶೋಕಗೀತೆಯೆಂದು ತಿಳಿದಿದ್ದಾರೆ. ಇತಿಹಾಸದ ಮೇಷ್ಟ್ರಾದ ನನಗೆ ಈ ತಪ್ಪು ಸಹಿಸದು. ತರಗತಿಯಲ್ಲಿ ನಾನು ಇಸವಿಗಳ ವಿಷಯದಲ್ಲಿ ಎಷ್ಟು ಜಿಪುಣನೆಂಬುದು ನಿಮಗೆ ನೆನಪಿರಬಹುದು! ಟೇಪು ಸವೆದದ್ದು ಮೊದಲು, ಗೋಪುರ ಬಿದ್ದದ್ದು ಆಮೇಲೆ. ಆ ಬೇಸಿಗೆಯಲ್ಲಿ ಅದು ಹಳೆಯ ಅಂಟಿನ ಕಥೆ ಮಾತ್ರವಾಗಿತ್ತು.

2011ರಲ್ಲಿ, ದುರಂತದ ಹತ್ತನೆಯ ವರ್ಷಕ್ಕೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ವಾದ್ಯವೃಂದವೊಂದು ಇದನ್ನು ನುಡಿಸಿತು. ನುಡಿಸಿದ್ದು ಡೆಂಡೂರ್ ದೇಗುಲದ ಎದುರು. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಆ ಈಜಿಪ್ಟ್ ದೇಗುಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಲ್ಲಿಗೆ ಸಾಗಿಸಿದ್ದರು. ಸ್ಥಳದ ಆಯ್ಕೆ ಸೊಗಸು. ಆದರೆ ತಾನಾಗಿ ಬಿದ್ದ ತೂತುಗಳನ್ನು ವಾದಕರು ಸ್ವರಲಿಪಿ ನೋಡಿಕೊಂಡು ನುಡಿಸುವುದು ನನ್ನ ಮನಸ್ಸಿಗೆ ಪೂರ್ತಿ ಒಪ್ಪಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. 1988ರಲ್ಲಿ ನಮ್ಮ ತಾಯಿ ಬೀಸುಕಲ್ಲಿನ ಪದ ಹೇಳುವಾಗ ಟೂ-ಇನ್-ಒನ್ ಇಟ್ಟು ಮುದ್ರಿಸಿದ ಒಂದು ಕ್ಯಾಸೆಟ್ ನನ್ನ ಬೀರುವಿನಲ್ಲಿದೆ. ಬೇರೆ ಪ್ರತಿಯಿಲ್ಲ. ಹಾಳಾದೀತೆಂಬ ಅಂಜಿಕೆಯಿಂದ ಅವರು ತೀರಿಕೊಂಡ ಮೇಲೆ ಒಮ್ಮೆಯೂ ಹಾಕಿಲ್ಲ. ಮುಚ್ಚಿಟ್ಟರೂ ಅಂಟು ಹಳತಾಗುತ್ತದೆಂದು ಈಗ ತಿಳಿಯಿತು. ಬರುವ ಭಾನುವಾರ ಆ ವಿದ್ಯಾರ್ಥಿ ಯಂತ್ರ ತರುತ್ತಾನಂತೆ. ತಂಗಿಯರಿಬ್ಬರಿಗೂ ಬರಹೇಳಿದ್ದೇನೆ.