ಬಾಡಿಗೆಯ ಚಾಳು, ಸಹಕಾರದ ಮನೆ

ಮುಂಬಯಿಗೆ ಬಂದ ಕನ್ನಡಿಗನಿಗೆ ಕೆಲಸ ದೊರೆಯುವುದು ಒಂದು ಭಾಗ್ಯವಾದರೆ, ತಲೆಯ ಮೇಲೊಂದು ಸೂರು ದೊರೆಯುವುದು ಅದಕ್ಕಿಂತ ದೊಡ್ಡ ಭಾಗ್ಯ. ಈ ನಗರದಲ್ಲಿ ಸೂರೆಂಬುದು ಮೊದಲಿನಿಂದಲೂ ವ್ಯಾಪಾರದ ಸರಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹತ್ತಿ ಗಿರಣಿಗಳು ಹೆಚ್ಚಿದಂತೆ ಹಣವಂತರು ಬಾಡಿಗೆಯ ಆಸೆಯಿಂದ ಚಾಳುಗಳನ್ನು ಕಟ್ಟಿಸಿದರು. ಕೋಣೆಗೊಂದು ಸಂಸಾರ, ನಲ್ಲಿ, ಪಾಯಖಾನೆ ಎಲ್ಲರಿಗೂ ಸೇರಿದ್ದು. ಆ ಇಕ್ಕಟ್ಟಿನ ಫಲವೇನೆಂಬುದನ್ನು 1896ರ ಪ್ಲೇಗು ಜಗತ್ತಿಗೇ ತೋರಿಸಿತು. 1898ರಲ್ಲಿ ಸರ್ಕಾರವು ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು.

ಒಡೆಯನೂ ಬಾಡಿಗೆದಾರನೂ ಒಬ್ಬನೇ ಆದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮವರೂ ಇದ್ದರೆಂಬುದು ಹೆಮ್ಮೆಯ ಮಾತು. 1956ರ ವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದ ಉತ್ತರ ಕನ್ನಡದ ಸಾರಸ್ವತ ಸಮಾಜದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದ್ದರು. 1904ರ ಕಾಯಿದೆಯಲ್ಲಿ ಸಾಲದ ಸಂಘಗಳಿಗೆ ಮಾತ್ರ ಅವಕಾಶವಿತ್ತು. 1912ರ ಕಾಯಿದೆ ಇತರ ಸಂಘಗಳಿಗೂ ಬಾಗಿಲು ತೆರೆಯಿತು. ಅದರ ಬಲದಿಂದ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹಸಂಘ ಹುಟ್ಟಿತು. ಕಟ್ಟಡ ಸಂಘದ್ದು, ಸದಸ್ಯನು ಪಾಲುದಾರ ಹಾಗೂ ಬಾಡಿಗೆದಾರ. ಬಾಡಿಗೆ ಪರರ ಲಾಭಕ್ಕೆ ಹೋಗಲಿಲ್ಲ. ತಾರದೇವದ ತಲ್ಮಕಿವಾಡಿಯಲ್ಲಿ ಅವರ ಹೆಸರು ಉಳಿದಿದೆ. ಆದರೆ ಇದು ಸಂಬಳವುಳ್ಳ ಒಂದು ಸಮಾಜದ ಸಾಧನೆ. ಹೋಟೆಲಿನ ಮೇಜುಗಳ ನಡುವೆ ಮಲಗಿದ ತುಳುನಾಡಿನ ಹುಡುಗರಿಗೆ ಆ ಬಾಗಿಲು ತೆರೆಯಲಿಲ್ಲವೆಂಬುದನ್ನೂ ಮರೆಯಬಾರದು.

ಉಳಿದವರ ರಕ್ಷಣೆಗೆ ಕಾನೂನು ಬಂದಿತು. 1947ರ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಡವನು ಬೀದಿಗೆ ಬೀಳಲಿಲ್ಲ, ನಿಜ. ಆದರೆ ಲಾಭವಿಲ್ಲದ ಮನೆಯನ್ನು ಒಡೆಯನು ದುರಸ್ತಿ ಮಾಡಿಸಲಿಲ್ಲ. ಮರೆಯಲ್ಲಿ ಪಗಡಿ ಬೆಳೆಯಿತು, ಗೋಡೆಗಳು ಕುಸಿದವು. 1969ರಲ್ಲಿ ದುರಸ್ತಿ ಮಂಡಳಿಗಾಗಿ ಸರ್ಕಾರವೇ ಕಾಯಿದೆ ಮಾಡಬೇಕಾಯಿತು. ಮಲ್ಪೆಯೆಂಬ ನಮ್ಮ ಕರಾವಳಿಯ ಹೆಸರು ಹೊತ್ತ ಮೊಕದ್ದಮೆಯೊಂದರಲ್ಲಿ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಹೆಪ್ಪುಗಟ್ಟಿದ ಬಾಡಿಗೆ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಹೇಳಿತು. 1999ರ ಹೊಸ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಒಪ್ಪಿತು. ಪಗಡಿಯನ್ನೂ ಮಾನ್ಯ ಮಾಡಿತು.

ಈಗ ಹಳೆಯ ಚಾಳುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಬಿಲ್ಡರನು ತರುವ ಕರಾರಿನ ಮೇಲೆ ನಮ್ಮ ಅನೇಕ ಮನೆಗಳ ಭವಿಷ್ಯ ನಿಂತಿದೆ. ಬಾಂಧವರೆ, ಬಾಡಿಗೆಯ ರಸೀದಿಗಳನ್ನು ಜೋಪಾನ ಮಾಡಿರಿ. ಓದದೆ ಸಹಿ ಹಾಕದಿರಿ. ನೆರೆಯವರೊಡನೆ ಕೂಡಿ ಸಂಘ ಕಟ್ಟಿರಿ. ಒಬ್ಬೊಬ್ಬರಾಗಿ ನಾವು ಬಾಡಿಗೆದಾರರು. ಕೂಡಿ ನಿಂತರೆ ಒಡೆಯರೂ ಆಗಬಲ್ಲೆವೆಂಬುದಕ್ಕೆ ಗಾಮದೇವಿಯೇ ಸಾಕ್ಷಿ.